ಶೇವಂತಾ ಕಡೆಗೆ ಅಂದದ್ದು

ಧೂಳಪ್ಪ ತೋಳಕ್ಕೆ ಹೆದರಿದವನಲ್ಲ. ಗುಂಜೋಟಿಯ ಕುರುಬರ ಹಟ್ಟಿಯಲ್ಲಿ ಹುಟ್ಟಿ, ನಡೆಯಲು ಕಲಿತಾಗಿನಿಂದ ಕುರಿಯ ಬೆನ್ನು ಹತ್ತಿ ತಿರುಗಿದ ಜೀವ. ತೋಳ ಬಂದರೆ ಕೋಲು ಎತ್ತುತ್ತಿದ್ದ, ಹಾವು ಬಂದರೆ ದಾರಿ ಬಿಡುತ್ತಿದ್ದ, ನಿಜಾಮನ ಜವಾನ ಬಂದರೆ ಒಂದು ಮರಿ ಕೊಟ್ಟು ಕೈಮುಗಿಯುತ್ತಿದ್ದ. ಇಂಥವನು ಮೂವತ್ತು ತುಂಬುವುದರೊಳಗೆ ಒಂದು ಡೊಳ್ಳಿನ ಪದಕ್ಕೆ ಹೆದರಿ, ದೂರದಲ್ಲಿ ಡೊಳ್ಳು ಕೇಳಿದರೆ ದಾರಿ ಬಿಟ್ಟು ಹೊಲ ಹಾಯ್ದು ಹೋಗುವಂತಾದ. ಹಾಡಿಗೆ ಯಾರಾದರೂ ಹೆದರುತ್ತಾರೆಯೇ ಎಂದು ನಗಬೇಡಿ. ಆ ಪದದೊಳಗೆ ಅವನ ಹೆಂಡತಿ ಇದ್ದಳು.

ಹೆಂಡತಿಯ ಹೆಸರು ಶೇವಂತಾ. ನಿಲಂಗಾದಿಂದ ಆಚೆಗಿನ ಒಂದು ಸಣ್ಣ ವಾಡಿಯವಳು. ಜಾತಿ ಒಂದೇ, ಎರಡೂ ಮನೆಗೆ ದೇವರು ಬೀರಪ್ಪನೇ, ಮಾತು ಮಾತ್ರ ಬೇರೆ. ಆಕೆಯ ತವರಿನಲ್ಲಿ ಮರಾಠಿ ಬಿಟ್ಟರೆ ಇನ್ನೊಂದು ಮಾತಿಲ್ಲ, ಧೂಳಪ್ಪನ ಮನೆಯಲ್ಲಿ ಕನ್ನಡ. ಈ ಸೀಮೆಯಲ್ಲಿ ಇದೇನೂ ದೊಡ್ಡ ಸಂಗತಿಯಲ್ಲ, ಇಲ್ಲಿ ನಾಯಿಗೂ ಎರಡು ಭಾಷೆ ತಿಳಿಯುತ್ತವೆ. ಅವನು ಕನ್ನಡದಲ್ಲಿ ಕೇಳುವನು, ಆಕೆ ಮರಾಠಿಯಲ್ಲಿ ಹೇಳುವಳು, ಸಂಸಾರ ಸಾಗಿತ್ತು. ಅತ್ತೆ ಗುರಮ್ಮ ಮಾತ್ರ, "ನಮ್ಮ ಸೊಸಿ ಬಾಯಿ ತಗದ್ರ ಮನಿಗಿ ಕೀರ್ತನಕಾರ ಬಂದಂಗ ಆಗ್ತದ" ಎಂದು ಚೇಷ್ಟೆ ಮಾಡುವಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಜ್ವರದ ದೊಡ್ಡ ಬೇನೆ ಊರೂರನ್ನು ಗುಡಿಸಿಕೊಂಡು ಹೋದ ಮರುವರ್ಷದ ಬೇಸಿಗೆ ಅದು. ಗಂಡ ಹೆಂಡತಿ ಕುರಿಗಳನ್ನು ಮಾಕಣಿಯ ಕಡೆ ತೇರಣಾ ಹೊಳೆಗೆ ಇಳಿಸಿದ್ದರು. ಹೊಳೆಯಲ್ಲಿ ಮೇಲೆ ನೀರಿರಲಿಲ್ಲ. ಮರಳಿನಲ್ಲಿ ಕುಣಿ ತೋಡಿದರೆ ತಳದಲ್ಲಿ ನೀರು ಒಸರುತ್ತದೆ, ಅದನ್ನೇ ವರ್ತಿ ಎನ್ನುತ್ತಾರೆ. ದಿನದಿನಕ್ಕೂ ನೀರು ಕೆಳಗಿಳಿದಂತೆ ಇವರ ವರ್ತಿಯೂ ಆಳವಾಗಿ, ಕೊನೆಗೆ ಇಬ್ಬರು ಆಳು ಒಬ್ಬರ ಮೇಲೊಬ್ಬರು ನಿಂತರೂ ಕಾಣದಷ್ಟಾಗಿತ್ತು. ಶೇವಂತಾ ಹಗುರ ಮೈಯವಳು. ನಡುವಿಗೆ ಹಗ್ಗ ಬಿಗಿದುಕೊಂಡು ತಾನೇ ಇಳಿಯುತ್ತಿದ್ದಳು. ಹಗ್ಗದ ಇನ್ನೊಂದು ತುದಿ ದಂಡೆಯ ಮೇಲೆ ನಿಂತ ಧೂಳಪ್ಪನ ಕೈಯಲ್ಲಿ.

ಆ ದಿನ ಕೊಡ ಅರ್ಧ ತುಂಬಿರಬೇಕು, ಕುಣಿಯ ಗೋಡೆಯಿಂದ ಮರಳು ಸಣ್ಣಗೆ ಸುರಿಯತೊಡಗಿತು. ಕೆಳಗಿನಿಂದ ಶೇವಂತಾ ಮುಖ ಎತ್ತಿ ಕೂಗಿದಳು. ಧೂಳಪ್ಪನ ಕಿವಿಗೆ ಬಿದ್ದದ್ದು, "ಓಡ! ಓಡ!" ತನ್ನ ಕಾಲಡಿಯ ದಂಡೆಯೇ ಸೀಳುತ್ತಿರಬೇಕು, ಕೆಳಗಿದ್ದವಳಿಗೆ ಅದು ಕಂಡಿರಬೇಕು, ಅದಕ್ಕೇ ಓಡು ಎನ್ನುತ್ತಿದ್ದಾಳೆ ಎಂದುಕೊಂಡ. ಎಂದುಕೊಂಡ ಎನ್ನುವಷ್ಟು ಹೊತ್ತೂ ಸಿಗಲಿಲ್ಲ. ಹಗ್ಗ ಬಿಟ್ಟ, ಓಡಿದ. ತಿರುಗಿ ನೋಡಿದಾಗ ಕುಣಿಯೇ ಇರಲಿಲ್ಲ, ಎಲ್ಲ ಸಪಾಟು ಮರಳು.

ಊರವರು ಬಂದು ತೋಡಿ ತೆಗೆದರು. ಪೊಲೀಸ್ ಅಮೀನರ ಕಡೆಯ ಜವಾನ ಬಂದು ಉರ್ದುವಿನಲ್ಲಿ ಏನೋ ಬರೆದುಕೊಂಡು, ಮೂಗಿಗೆ ರುಮಾಲು ಹಿಡಿದು, ಹೋದ. ಸರಕಾರದ ಪಾಲಿಗೆ ಕೆಲಸ ಅಲ್ಲಿಗೆ ಮುಗಿಯಿತು.

ಮುಗಿಯದ ಕೆಲಸ ಅಂಬಾದಾಸನದು. ಅಂಬಾದಾಸ ಧೂಳಪ್ಪನ ದೊಡ್ಡವ್ವನ ಮಗ, ಬೀರಪ್ಪನ ಡೊಳ್ಳಿನ ಮೇಳದ ಮುಂದಾಳು. ಅವನ ಗಂಟಲು ಕೇಳಿದರೆ ಹಾಲು ಕುಡಿಯುವ ಮರಿಯೂ ಬಾಯಿ ಬಿಟ್ಟು ನಿಲ್ಲುತ್ತದೆ ಎನ್ನುತ್ತಿದ್ದರು. ಕೆಟ್ಟವನೆಂದು ಯಾರೂ ತಿಳಿಯಬಾರದು. ಮಣ್ಣು ಕೊಟ್ಟ ಮರುದಿನ ಬಂದು ತಮ್ಮನ ಹೆಗಲು ಹಿಡಿದು ನಿಜವಾಗಿಯೂ ಅತ್ತ. ಅಳುತ್ತಲೇ ಕೇಳಿದ:

"ಕಡೀಗೆ ಏನಂದಳು ತಮ್ಮಾ?"

"ಓಡ ಅಂದಳಣ್ಣಾ."

ಅಂಬಾದಾಸನ ಬಿಕ್ಕು ನಿಂತಿತು. "ಓಡ ಅಂದಳು..." ಎಂದು ತನ್ನೊಳಗೇ ಒಮ್ಮೆ ಅಂದುಕೊಂಡ, ಮತ್ತೊಮ್ಮೆ ಎಳೆದು ಅಂದುಕೊಂಡ. ಉಪ್ಪು ಸಾಕೋ ಸಾಲದೋ ಎಂದು ಸಾರು ನಾಲಿಗೆಗೆ ಹಚ್ಚಿ ನೋಡುತ್ತಾರಲ್ಲ, ಹಾಗೆ. ಧೂಳಪ್ಪ ದುಃಖದಲ್ಲಿದ್ದ, ಅದನ್ನು ಗಮನಿಸಲಿಲ್ಲ.

ಮಳೆಗಾಲ ಬರುವ ಹೊತ್ತಿಗೆ ಪದ ತಯಾರಾಗಿತ್ತು.

*ಓಡ ನನ್ನ ರಾಯಾ ಓಡ, ಜೀವಾ ಉಳಿಸಿಕೋ*
*ತೊಟ್ಟಿಲ ಕೂಸಿಗಿ ಹಾಲಿಲ್ಲ, ಆಕಳ ಕಟ್ಟಿಕೋ*

ತೊಟ್ಟಿಲಿನ ಕೂಸು ಎಲ್ಲಿಂದ ಬಂತು ಎಂದು ಕೇಳಿದಿರಾ? ಅಂಬಾದಾಸನ ಹೊಟ್ಟೆಯಿಂದ. ಶೇವಂತಾಳ ಬಸಿರು ನಿಂತೇ ಇರಲಿಲ್ಲ. ಆದರೆ ಆ ಕೂಸಿಗಾಗಿ ದೇವಣಿಯ ದನದ ಸಂತೆಯಲ್ಲಿ ಮೀಸೆ ಹೊತ್ತ ಗಂಡಸರು ಕಣ್ಣೊರೆಸಿಕೊಂಡರು. ಉದಗೀರದ ಕೋಟೆಯ ಹೊರಗೆ ಹಾಡಿದಾಗ ಜನ "ಮತ್ತೊಮ್ಮಿ! ಅದೇ ನುಡಿ ಮತ್ತೊಮ್ಮಿ!" ಎಂದು ಕೂಗಿ ಶೇವಂತಾಳನ್ನು ಮರಳಿನಲ್ಲಿ ಎರಡು ಸಲ ಹೂಳಿಸಿದರು. ಮದುವೆ ಮನೆಗೂ ಅದೇ ಪದ ಬೇಕು, ಕಣದ ಪೂಜೆಗೂ ಅದೇ ಬೇಕು. ಅತ್ತು ಹಗುರಾಗಿ ಎದ್ದು ಹೋಗುವ ಸುಖ ಎಂಥದೆಂದು ನಮಗೆಲ್ಲ ಗೊತ್ತೇ ಇದೆ. ಸತ್ತವಳು ಯಾರದೋ ಮನೆಯವಳಾಗಿದ್ದರೆ ಇನ್ನೂ ಸುಖ.

ಮೇಳ ಹೋದಲ್ಲೆಲ್ಲ ಅಂಬಾದಾಸ ತಮ್ಮನನ್ನು ಮುಂದೆ ಕೂಡಿಸುವನು. "ಇಂವಾನೇ ನೋಡ್ರಿ ಆಕಿ ಗಂಡ" ಎಂದು ತೋರಿಸುವನು. ಒಬ್ಬ ದೇಶಮುಖರ ಹೆಂಡತಿಯಂತೂ ಅವನನ್ನು ಪಡಸಾಲೆಗೆ ಕರೆಸಿ, ಪರದೆಯ ಹಿಂದೆ ನಿಂತು ಬಹಳ ಹೊತ್ತು ನೋಡಿ, ಹೋಳಿಗೆ ಕಟ್ಟಿಸಿ ಕಳಿಸಿದಳು. ಸುಳ್ಳೇಕೆ ಹೇಳಬೇಕು, ಧೂಳಪ್ಪನಿಗೂ ಅದು ಹಿತವಾಗಿತ್ತು. ಹೋಳಿಗೆಗಾಗಿ ಅಲ್ಲ. ಪದದಲ್ಲಿ ಶೇವಂತಾ ತಾನೇ ಓಡು ಅನ್ನುತ್ತಿದ್ದಳು. ನೂರು ಜನ ಕೇಳಿ ಹೌದೆಂದು ತಲೆದೂಗುತ್ತಿದ್ದರು. ನೂರು ಜನ ಹೌದೆಂದ ಮೇಲೆ ಒಬ್ಬನೇ ಕೂತು ಅಲ್ಲವೆನ್ನುವುದು ಯಾಕೆ?

ಅಲ್ಲವೆಂಬುದು ಅವನಿಗೆ ತಿಳಿದದ್ದು ದೇವಣಿಯಲ್ಲೇ. ಸಂತೆಯ ಅಂಚಿನ ಕಾಲುವೆಯಲ್ಲಿ ಒಂದು ಕರು ಜಾರಿ ಬಿದ್ದಿತ್ತು. ಮರಾಠಿ ರೈತನೊಬ್ಬ ಮೇಲೆ ಹಗ್ಗ ಹಿಡಿದಿದ್ದ, ಅವನ ಹೆಂಡತಿ ಸೀರೆ ಎತ್ತಿ ಕಟ್ಟಿ ಕೆಸರಿನಲ್ಲಿ ಇಳಿದು ಕರುವನ್ನು ಹಿಂದಿನಿಂದ ಒತ್ತುತ್ತಿದ್ದಳು. ಮುಖ ಎತ್ತಿ ಗಂಡನಿಗೆ ಕೂಗಿದಳು: "ಓಢ! ಓಢ!" ಗಂಡ ಹಿಮ್ಮಡಿ ಊರಿ ಎಳೆದ. ಕರು ಮೇಲೆ ಬಂತು.

ಅಷ್ಟೇ. ಧೂಳಪ್ಪ ಸೆಗಣಿಯ ಮೇಲೆಯೇ ಕುಕ್ಕರಿಸಿ ಕೂತ. ಮರಾಠಿಯಲ್ಲಿ ಓಢ ಎಂದರೆ ಎಳೆ. ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ, ಘಾತವಿದ್ದದ್ದು ಅಲ್ಲಿಯೇ. ಹುಟ್ಟಿದಾಗಿನಿಂದ ಕೇಳಿದ ಮಾತು, ಗಾಡಿ ಸಿಕ್ಕಿಬಿದ್ದಾಗಲೆಲ್ಲ ತಾನೂ ಕೂಗಿದ ಮಾತು. ಎರಡು ಭಾಷೆ ಬರುತ್ತಿದ್ದವನಿಗೆ ಮರಳು ಸುರಿಯುವಾಗ ಒಂದೇ ಭಾಷೆ ಉಳಿದಿತ್ತು. ಆಕೆಗೂ ಒಂದೇ ಉಳಿದಿತ್ತು. ತವರಿನದು.

ಇನ್ನೊಂದು ಸಂಗತಿ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಅವನು ಓಡುತ್ತಿದ್ದಾಗ ಬೆನ್ನ ಹಿಂದಿನಿಂದ ಆಕೆ ಮತ್ತೆ ಕೂಗಿದ್ದಳು. ಈ ಸಲ ಹೆಸರು ಹಿಡಿದು, "ಧೂಳಪ್ಪಾ!" ಎಂದು. ಒಡಪಿನ ಪದ್ಯದೊಳಗೆ ಸುತ್ತಿಟ್ಟಲ್ಲದೆ ಗಂಡನ ಹೆಸರು ಬಾಯಿಗೆ ತರದ ಹೆಂಗಸು, ಆ ಹೊತ್ತಿಗೆ ಹೆಸರು ಹಿಡಿದಳು. ಓಡು ಎಂದವಳು ಓಡುವವನನ್ನು ಹೆಸರು ಹಿಡಿದು ಯಾಕೆ ಕರೆಯುತ್ತಾಳೆ? ಅವನು ಆಗಲೂ ತಿರುಗಲಿಲ್ಲ. ಕಾಲು ಓಡುತ್ತಲೇ ಇದ್ದವು.

ಅಂದಿನಿಂದ ಹೆದರಿಕೆ ಅವನ ಬೆನ್ನು ಹತ್ತಿತು. ದೆವ್ವದ ಹೆದರಿಕೆ ಅಲ್ಲ, ದೆವ್ವವಾಗಿದ್ದರೆ ನಿಂಬೆಹಣ್ಣು ಕೊಯ್ದು ಕಳಿಸಬಹುದಿತ್ತು. ಇದು ಕಿವಿಗಳ ಹೆದರಿಕೆ. ಉದಗೀರದಲ್ಲಿ, ನಿಲಂಗಾದಲ್ಲಿ ಪದ ಕೇಳುವವರಲ್ಲಿ ಅರ್ಧ ಜನ ಮರಾಠಿಯವರು. ಯಾವನಾದರೂ ಒಬ್ಬ ಎದ್ದು, "ಅರೇ, ಆಕಿ ಎಳೀ ಅಂದಾಳಲ್ಲೋ, ನೀ ಓಡಿದೇನು?" ಎಂದುಬಿಟ್ಟರೆ? ಅಂಬಾದಾಸ ಆ ನುಡಿಗೆ ಬಂದನೆಂದರೆ ಧೂಳಪ್ಪ ಮುಂದೆ ಕೂತವರ ಮುಖ ನೋಡುವನು. ಯಾರ ಹುಬ್ಬು ಮೇಲೇರಿತು, ಯಾರು ಪಕ್ಕದವನ ಕಡೆ ವಾಲಿದರು ಎಂದು ಹುಡುಕುವನು. ಪದ ಮುಗಿದು ಜನ ಕಣ್ಣೊರೆಸಿಕೊಂಡಾಗ ಈ ಸಲ ಉಳಿದೆ ಎಂದುಕೊಳ್ಳುವನು. ಮುಂದಿನ ಊರಿಗೆ ಮತ್ತೆ ಅದೇ. ಕಡೆಗೆ ಮೇಳದ ಜೊತೆ ಹೋಗುವುದನ್ನೇ ಬಿಟ್ಟ. ಆದರೆ ಪದ ಅವನನ್ನು ಬಿಡಲಿಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು, ಗಾಡಿ ಹೊಡೆಯುವವರು, ಎಲ್ಲರ ಬಾಯಲ್ಲೂ ಓಡ ನನ್ನ ರಾಯಾ ಓಡ.

ತಡೆಯಲಾಗದೆ ಒಂದು ದಿನ ಅಂಬಾದಾಸನ ಮನೆಗೆ ಹೋದ. ಅಣ್ಣ ಡೊಳ್ಳಿಗೆ ಹೊಸ ಚರ್ಮ ಬಿಗಿಯುತ್ತ ಕೂತಿದ್ದ.

"ಅಣ್ಣಾ, ಆ ಪದಾ ಬಿಡು."

"ಯಾಕೋ?"

"ನನಗ ಆಗವಲ್ದು. ಹೋಗಲಿ, ಆ ಒಂದು ಮಾತರೆ ತಗದುಬಿಡು. ಓಡ ಅನ್ನೂದು."

ಅಂಬಾದಾಸ ಕೈ ನಿಲ್ಲಿಸಿ ನೋಡಿದ. "ಹುಚ್ಚ ಹಿಡದಾದೇನು ನಿನಗ? ಆ ಮಾತಿನ ಮ್ಯಾಲೇ ಪದಾ ನಿಂತಾದ. ಜನ ಅಳೂದು ಅಲ್ಲೇ. ಅದನ್ನ ತಗದ್ರ ಉಪ್ಪಿಲ್ಲದ ಅಂಬಲಿ ಆಗ್ತದ." ಆಮೇಲೆ ದನಿ ಇಳಿಸಿ ಅಂದ, "ತಮ್ಮಾ, ನಿನ್ನ ಸಂಕಟ ನನಗ ತಿಳೀತದ. ಖರೇ ಹೇಳ್ತೀನಿ, ಹಾಡೂ ಮುಂದ ನನ್ನ ಕರುಳೂ ಕಿತ್ತು ಬರ್ತಾದ. ಆದ್ರ ಹಾಡದಿದ್ರ ಶೇವಂತಾನ ಯಾರು ನೆನಸ್ತಾರ ಹೇಳು? ಊರಾಗ ಎಷ್ಟು ಹೆಂಗಸ್ರು ಸತ್ತಾರ, ಒಬ್ಬಾಕಿ ಹೆಸರರ ಹೇಳು ನೋಡೋಣ."

ಅದಕ್ಕೆ ಧೂಳಪ್ಪನ ಬಳಿ ಒಂದೇ ಉತ್ತರವಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಎದ್ದು ಬಂದ.

ವರ್ಷ ತುಂಬುತ್ತ ಬಂದಾಗ ನಿಲಂಗಾದ ಕಡೆಯಿಂದ ಮಾತು ಬಂತು. ಶೇವಂತಾಳ ತಾಯಿ ತುಳಜಾಬಾಯಿ ಹೇಳಿ ಕಳಿಸಿದ್ದಳು: ಮಗಳ ವರ್ಷದ ದಿನ ಮೇಳ ತಮ್ಮ ವಾಡಿಗೆ ಬರಬೇಕು, ಊರೆಲ್ಲ ಕೇಳಿದ ಪದವನ್ನು ಹೆತ್ತವಳು ಒಮ್ಮೆ ಕೇಳಬೇಕು, ಅಳಿಯ ಬಂದೇ ಬರಬೇಕು. ಇನ್ನೊಂದು ಮಾತನ್ನು ಗುರಮ್ಮನ ಕಿವಿಗೆ ಹಾಕಿದ್ದರು. ಕಿರಿಯ ಮಗಳು ಸುಗಂಧಾ ಇದ್ದಾಳೆ, ಅಕ್ಕನ ಮನೆಗೆ ತಂಗಿಯನ್ನು ಕೊಡುವ ಮನಸ್ಸಿದೆ.

"ದೇವ್ರು ದೊಡ್ಡಾಂವ" ಎಂದು ಗುರಮ್ಮ ಕೈಮುಗಿದಳು. "ಇಷ್ಟಾದ ಮ್ಯಾಲೂ ಹೆಣ್ಣ ಕೊಡ್ತೀನಿ ಅಂತಾಳಲ್ಲೋ ಆಕಿ. ನಿನ್ನ ಮ್ಯಾಲ ಎಷ್ಟು ನಂಬಿಗಿ ನೋಡು."

ಆ ನಂಬಿಗೆಯ ಹೆಸರು ಕೇಳಿಯೇ ಧೂಳಪ್ಪ ಎದ್ದು ಕುರಿಗಳ ಕಡೆಗೆ ಹೋದ. ಇಡೀ ಸೀಮೆಯಲ್ಲಿ ಶೇವಂತಾಳ ಬಾಯಿಂದ ಯಾವ ಮಾತು ಹೇಗೆ ಬರುತ್ತಿತ್ತೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಒಬ್ಬಳೇ, ಆಕೆಗೆ ಮಾತು ಕಲಿಸಿದವಳು. ಪದ ಕೇಳಿದ ಕೂಡಲೇ ಹಿಡಿಯುತ್ತಾಳೆ. ಹೋಗದಿದ್ದರೆ ಯಾಕೆ ಹೋಗಲಿಲ್ಲವೆಂದು ಪ್ರಶ್ನೆ, ಹೋದರೆ ಊರೆಲ್ಲ ಕೂತ ಸಭೆಯಲ್ಲಿ ಸಿಕ್ಕಿಬೀಳುವುದು. ಜ್ವರ ಬಂತೆಂದು ಮಲಗಿದ. ಗುರಮ್ಮ ಹಣೆ ಮುಟ್ಟಿ ನೋಡಿ, "ತಣ್ಣಗ ಅದೀ, ಏಳು" ಎಂದಳು. ದಾರಿಯುದ್ದಕ್ಕೂ ಮೇಳದವರು ನಗುತ್ತ ಮದುಮಗನೆಂದು ಕೆಣಕಿದರು. ಅವನು ಮೇಯಲು ಹೊರಟ ಕುರಿಯಂತಲ್ಲ, ಕಡಿಯಲು ಒಯ್ಯುವ ಕುರಿಯಂತೆ ಹಿಂದೆ ಹಿಂದೆ ನಡೆದ.

ತುಳಜಾಬಾಯಿ ಕಡ್ಡಿಯಂಥ ಹೆಂಗಸು. ಅಂಗಳದ ಬೇವಿನ ಕೆಳಗೆ ಕಂಬಳಿ ಹಾಸಿ, ತಾನು ಡೊಳ್ಳಿನ ಹತ್ತಿರವೇ ನೆಲದ ಮೇಲೆ ಕೂತಳು. ಮಧ್ಯಾಹ್ನ ಇಳಿಯುತ್ತಿತ್ತು. ವಾಡಿಯ ಜನವೆಲ್ಲ ಸೇರಿತ್ತು. ಕನ್ನಡದ ಪದ ಇವರಿಗೆ ತಿಳಿಯುತ್ತದೆಯೇ ಎಂದು ಯಾರೋ ಕೇಳಿದ್ದಕ್ಕೆ ಅಂಬಾದಾಸ, "ಅಳುವಿಗಿ ಯಾವ ಭಾಷಾ ಬೇಕೋ?" ಎಂದು ಡೊಳ್ಳಿಗೆ ಕೈ ಹಾಕಿದ.

ಹೊಳೆ ಬತ್ತಿದ್ದು ಬಂತು, ವರ್ತಿ ತೋಡಿದ್ದು ಬಂತು, ಇರದ ಕೂಸು ತೊಟ್ಟಿಲಲ್ಲಿ ಅತ್ತಿತು. ಧೂಳಪ್ಪ ಬೇವಿನ ಬೊಡ್ಡೆಗೆ ಆತು ನಿಂತಿದ್ದ. ಅಣ್ಣನ ಬಾಯಿ ಮುಚ್ಚಬೇಕೆನ್ನಿಸಿತು, ಕಾಲು ಏಳಲಿಲ್ಲ. ಅಂಬಾದಾಸ ಕಣ್ಣು ಮುಚ್ಚಿ, ಕತ್ತು ಎತ್ತಿ, ತೆಗೆದ: "ಓಡ... ಓಡ..."

ತುಳಜಾಬಾಯಿ ನೆಲಕ್ಕೆ ಕೈ ಊರಿದಳು. ಎದ್ದು ನಿಂತಳು. ಡೊಳ್ಳು ನಿಂತಿತು. ಆಕೆ ನೇರ ಬೇವಿನ ಕಡೆಗೆ ನಡೆದು ಬಂದಳು, ಧೂಳಪ್ಪ ಏಟಿಗೆ ಕಾದವನಂತೆ ಕಣ್ಣು ಮುಚ್ಚಿದ.

"ಓಢ, ಓಢ ಮ್ಹಣಾಲೀ ಮಾಝೀ ಪೋರ" ಎಂದಳು ಆಕೆ. ಎಳೆ, ಎಳೆ ಅಂದಳು ನನ್ನ ಕೂಸು. ಕನ್ನಡದವರ ನಾಲಿಗೆಗೆ ಢ ಹತ್ತುವುದಿಲ್ಲವೆಂದು ಆಕೆಗೆ ಗೊತ್ತಿತ್ತು, ಹಾಡಿನವನು ಅನ್ನಬೇಕಾದದ್ದನ್ನೇ ಅನ್ನುತ್ತಿದ್ದಾನೆ ಎಂದುಕೊಂಡಿದ್ದಳು. ಪದವೆಂದರೆ ಆಕೆಗೆ ಅಷ್ಟೇ: ಮಗಳು ಎಳೆ ಎಂದಳು, ಅಳಿಯ ಎಳೆದ, ಮರಳು ಬಿಡಲಿಲ್ಲ. ಆಕೆಯ ಕಣ್ಣಿಂದ ನೀರು ಸುರಿಯುತ್ತಿತ್ತು. "ಹಾತ ದಾಖವ, ಬಾಬಾ" ಎಂದು ಅವನ ಎರಡೂ ಕೈ ಹಿಡಿದು ಅಂಗೈ ಬಿಚ್ಚಿದಳು. ಹಗ್ಗ ಕೊಯ್ದ ಗಾಯದ ಗುರುತು ಹುಡುಕುತ್ತಿದ್ದಳು. ಬೆರಳಿಂದ ಸವರಿದಳು. ಅಂಗೈ ನುಣ್ಣಗಿತ್ತು.

ಆಕೆ ಇನ್ನೂ ಒಮ್ಮೆ ಸವರಿದಳು, ಎಲ್ಲೋ ಇದ್ದೀತು ಎಂಬಂತೆ. ಸುಮ್ಮನಿದ್ದರೆ ಧೂಳಪ್ಪ ಬಚಾವಾಗುತ್ತಿದ್ದ. ವರ್ಷದಲ್ಲಿ ಗಾಯ ಮಾಯ್ದು ಹೋಯಿತು ಎಂದರೆ ಸಾಕಿತ್ತು. ಮನೆ, ಸುಗಂಧಾ, ಮಾನ ಎಲ್ಲ ಆ ಒಂದು ಸುಳ್ಳಿನ ಆಚೆ ಕೈಗೆ ಸಿಗುವಂತಿದ್ದವು. ಆದರೆ ಆ ಬೆರಳು ಇನ್ನೂ ಅಂಗೈ ಮೇಲೆಯೇ ಇತ್ತು.

"ಮಾಮೀ, ಒಳಗ ಬರ್ರಿ" ಎಂದ.

ಒಳಗೆ, ಬಾಗಿಲ ಪಕ್ಕದಲ್ಲಿ, ಹೇಳಿದ. "ಮೀ ಓಢಲಂ ನಾಹೀ. ಮೀ ಪಳಾಲೋ." ನಾನು ಎಳೆಯಲಿಲ್ಲ. ನಾನು ಓಡಿದೆ.

ತುಳಜಾಬಾಯಿ ಗೋಡೆ ಹಿಡಿದಳು. ಹೊಡೆಯುತ್ತಾಳೆ, ಕೂಗಿ ಊರನ್ನು ಕರೆಯುತ್ತಾಳೆ ಎಂದು ಅವನು ಕಾದ. ಆಕೆ ಕೇಳಿದ್ದು ಒಂದೇ: ಮತ್ತೇನಾದರೂ ಅಂದಳೇ? ಧೂಳಪ್ಪ ಆಕೆಯ ಕಿವಿಗೆ ಬಾಯಿ ಇಟ್ಟು, ರಾಗವಿಲ್ಲದೆ, ಶೇವಂತಾ ಕೂಗಿದ ಹಾಗೆಯೇ, ತನ್ನ ಹೆಸರು ಹಿಡಿದು ಆಕೆ ಕರೆದದ್ದನ್ನು ಹೇಳಿದ. ಮುದುಕಿಯ ಬಾಯಿಂದ ಹೊರಟ ದನಿ ಅಳುವಿನಂತಿರಲಿಲ್ಲ. ಹೆಸರು ಹಿಡಿಯುವಷ್ಟು ಹೆದರಿದ್ದಳೇ ನನ್ನ ಮಗಳು ಎಂದು ಎದೆ ಬಡಿದುಕೊಂಡಳು.

ಆಮೇಲೆ ಮುಖ ಒರೆಸಿಕೊಂಡು ಅಂದಳು, ಇದನ್ನು ಯಾರಿಗೂ ಹೇಳಬೇಡ. "ಹೇ ಮಾಝಂ." ಇದು ನನ್ನದು. ಹಾಡಿಗೆ ಕೊಡಬೇಡ. ಒಲೆಯ ಕಡೆ ತಿರುಗಿ ಸುಗಂಧಾಳಿಗೆ ತಾಟು ಹಾಕಲು ಹೇಳಿ, ಅವನಿಗೆ, "ಜೇವೂನ ಜಾ" ಎಂದಳು. ಉಂಡು ಹೋಗು. ಮತ್ತೆ ಬರಬೇಡ ಎಂಬುದೂ ಅದರೊಳಗೇ ಇತ್ತು. ಸುಗಂಧಾ ತಲೆ ಎತ್ತದೆ ಭಕ್ಕರಿ ಬಡಿಸಿದಳು. ಧೂಳಪ್ಪ ಉಂಡ. ಉಣ್ಣದೆ ಏಳಲೂ ಅವನಿಗೆ ಹೆದರಿಕೆ.

ಹೊರಗೆ ಬಂದಾಗ ಮೇಳ ಹೊರಡಲು ನಿಂತಿತ್ತು. ಅಂಬಾದಾಸ ಹತ್ತಿರ ಬಂದ. ಅವನ ಕಣ್ಣೂ ಕೆಂಪಾಗಿದ್ದವು.

"ಬಾಗಲದಾಗಿಂದ ಕಂಡೀನಿ ತಮ್ಮಾ. ನೀ ಮುದುಕಿ ಕಿವ್ಯಾಗ ಏನೋ ಅಂದಿ. ಆಕಿ ಹ್ಯಾಂಗ ಬಾಯಿ ಮಾಡಿದಳು! ಅಂಥ ಅಳು ನಾ ಎಲ್ಲೂ ಕೇಳಿಲ್ಲ." ಅವನ ಬೆರಳು, ಅವನಿಗೇ ತಿಳಿಯದಂತೆ, ಹೆಗಲಿನ ಡೊಳ್ಳಿನ ಅಂಚನ್ನು ತಟ್ಟುತ್ತಿದ್ದವು. "ಏನಂದಿ? ಶೇವಂತಾ ಇನ್ನೇನರ ಅಂದಿದ್ದಳೇನು?"

ಧೂಳಪ್ಪ ಆ ಬೆರಳನ್ನು ನೋಡಿದ. ಅಲ್ಲಿಯ ತನಕ ಪಟ್ಟ ಹೆದರಿಕೆಯೆಲ್ಲ ಇದರ ಮುಂದೆ ಏನೂ ಅಲ್ಲ ಅನ್ನಿಸಿತು. ಮುಂದಿನ ಸಂತೆಗೆ "ಧೂಳಪ್ಪಾ" ಎಂಬ ಆ ಕೂಗನ್ನು ಅಂಬಾದಾಸ ಎಳೆದು ಎಳೆದು ಹಾಡುವನು, ಜನ ಮತ್ತೊಮ್ಮಿ ಎನ್ನುವರು.

"ಆಕಿ ಏನೂ ಅಂದಿಲ್ಲಣ್ಣಾ."

"ಅಂದ್ರ? ಓಡ ಅಂದಿಲ್ಲೇನು?"

"ಅದೂ ಸುಳ್ಳ. ಮರಳ ಜಾರೂದು ನೋಡಿ ನಾನೇ ಹೆದರಿ ಹಗ್ಗಾ ಒಗದು ಓಡೀನಿ. ಆಕಿ ಬಾಯೇ ಬಿಟ್ಟಿಲ್ಲ. ಸುಮ್ಮನ ಸತ್ತಳು."

ಹಿಮ್ಮೇಳದವರೆಲ್ಲ ಕೇಳಿಸಿಕೊಂಡರು. ಒಬ್ಬ ಥೂ ಎಂದು ಉಗುಳಿದ, ಇನ್ನೊಬ್ಬ ಕಿಸಕ್ಕನೆ ನಕ್ಕ. ಅಂಬಾದಾಸ ತಮ್ಮನ ಮುಖವನ್ನೇ ನೋಡುತ್ತ ನಿಂತ. ಅವನು ನಂಬುವ ತನಕ ಧೂಳಪ್ಪ ಆ ಬೆರಳಿನಿಂದ ಕಣ್ಣು ತೆಗೆಯಲಿಲ್ಲ. ಕಡೆಗೆ ಡೊಳ್ಳಿನ ಮೇಲಿನ ಬೆರಳು ನಿಂತವು.

"ಸುಮ್ಮನ ಸತ್ತರ ಪದಾ ಹ್ಯಾಂಗ ಆಗ್ತದೋ?" ಎಂದ ಅಂಬಾದಾಸ.

"ಆಗೂದಿಲ್ಲಣ್ಣಾ."

ಆ ಪದ ನಿಂತಿತು. ಹೆಂಡತಿಯ ಹಗ್ಗ ಬಿಟ್ಟು ಓಡಿದವನಿಗಾಗಿ ಯಾರು ಅಳುತ್ತಾರೆ? ಗುಂಜೋಟಿಯಲ್ಲಿ ಅವನಿಗೆ ಓಡೂ ಧೂಳ್ಯಾ ಎಂಬ ಹೆಸರು ಬಿತ್ತು, ಹೆಣ್ಣು ಕೊಡುವವರು ಸಿಗಲಿಲ್ಲ, ಗುರಮ್ಮ ಸಾಯುವ ತನಕ ಮಗನ ಎದುರು ಕೂತು ಉಣ್ಣಲಿಲ್ಲ. ಅವನು ಬಹಳ ವರ್ಷ ಬದುಕಿದ. ನಿದ್ದೆಗಣ್ಣಿನಲ್ಲಿ ಆ ಕೂಗು ಬಾಯಿಂದ ಜಾರಿ ಯಾರದಾದರೂ ಕಿವಿಗೆ ಬಿದ್ದೀತೆಂದು ಹೆದರಿ, ಜನರಿಂದ ದೂರ ಕುರಿಗಳ ನಡುವೆಯೇ ಮಲಗುತ್ತಿದ್ದ.